ರೋಗ ಸಾಕಿದ ಮೇಡಂ

ಹೋದ ತಿಂಗಳು ಗಡಿಯಲ್ಲಿರುವ ನಮ್ಮೂರ ಕ್ರಾಸಿನಲ್ಲಿ ಒಂದು ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ನಮ್ಮ ಮೇಡಂ ಫೋಟೊ ಇತ್ತು. ಯಾವುದೋ ಹಳೆಯ ಗುರುತಿನ ಚೀಟಿಯಿಂದ ತೆಗೆದು ಹಿಗ್ಗಿಸಿದ್ದರಿಂದ ಕಣ್ಣು, ಮೂಗು ಎಲ್ಲ ಕಲಸಿಹೋಗಿದ್ದವು. ಕೆಳಗೆ ತೆಲುಗಿನಲ್ಲಿ ‘ರೈತರ ತಾಯಿಗೆ ಕಣ್ಣೀರಿನ ನಮನ’ ಎಂದು ಬರೆದಿತ್ತು. ಪಕ್ಕದಲ್ಲಿ ಕೈಮುಗಿದು ನಿಂತವನು ಲೀಡರ್. ಅವನ ಫೋಟೊ ಮೇಡಂದಕ್ಕಿಂತ ಮೂರು ಪಟ್ಟು ದೊಡ್ಡದು, ಮೀಸೆಯ ಒಂದೊಂದು ಕೂದಲೂ ಎಣಿಸಬಹುದು.

ನಾನು ಜಹೀರಾಬಾದಿಗೆ ಹೋಗಬೇಕಾಗಿತ್ತು. ಬಸ್ಸು ಬಂತು, ನಿಂತಿತು, ಹೋಯಿತು. ನಾನು ಹತ್ತಲಿಲ್ಲ. ಚಹಾದ ಅಂಗಡಿಯವನು, “ಪಾಪ, ಭಾಳ ಛೊಲೋ ಇದ್ರಂತ ಹೌದೇನಕ್ಕ? ನಮ್ ಲೀಡರ್ ಅಳಾಕತ್ತಿದ್ರಂತ ನೋಡು” ಅಂದ. ನನ್ನ ಬಾಯಿಂದ ಏನು ಬರುತ್ತಿತ್ತೋ ಗೊತ್ತಿಲ್ಲ, ಅದಕ್ಕೇ ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ. ಈಗ ಬರೆಯುತ್ತಿದ್ದೇನೆ. ಲೀಡರನ ಹೆಸರು, ಪಾರ್ಟಿ, ಕುರ್ಚಿ ಯಾವುದನ್ನೂ ಬರೆಯುವುದಿಲ್ಲ. ಮೇಡಂ ಹೆಸರನ್ನೂ ಬರೆಯುವುದಿಲ್ಲ. ಅವರು ತಮ್ಮ ಹೆಸರಿನ ಬೋರ್ಡನ್ನು ಬಾಗಿಲಿಗೆ ಹಾಕಲು ಸಹ ಬಿಟ್ಟವರಲ್ಲ.

ನಾರಾಯಣಖೇಡದಿಂದ ನಾಗಲಗಿದ್ದದ ಕಡೆ ಹೋಗುವಾಗ ಸರ್ಕಾರದ ಒಂದು ಚಿಕ್ಕ ಫಾರ್ಮ್ ಇತ್ತು. ಬೇಳೆಕಾಳಿನ ಮೇಲೆ ಪ್ರಯೋಗ ಮಾಡುವ ಜಾಗ. ನಾಲ್ಕು ಕೋಣೆಯ ಆಫೀಸು, ಒಂದು ಬಾವಿ, ಸುತ್ತ ಹೊಲ. ನಾನು ಅಲ್ಲಿ ಹದಿನೆಂಟು ವರ್ಷ ಫೀಲ್ಡ್ ಅಸಿಸ್ಟೆಂಟ್ ಆಗಿದ್ದೆ. ಗಿಡಗಳ ರೋಗ ಓದಿದ ವಿಜ್ಞಾನಿಯಾಗಿ ಮೇಡಂ ನನಗಿಂತ ಮೊದಲೇ ಬಂದಿದ್ದರು. ತಾಂಡೂರಿನವರು. ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಕೆಲಸದಲ್ಲಿದ್ದವರು. ಮಷೀನಿನ ಸದ್ದಿನ ಪಕ್ಕದಲ್ಲೇ ಬೆಳೆದದ್ದಕ್ಕೋ ಏನೋ, ಮೇಡಂ ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. “ನೀರು ಕೊಡು” ಅಂದರೂ ಜಗಳ ತೆಗೆದ ಹಾಗೆ ಇರುತ್ತಿತ್ತು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಗಂಡಸರ ಕ್ಯಾನ್ವಾಸ್ ಬೂಟು ಹಾಕಿ, ತಲೆಗೆ ಟವೆಲ್ ಸುತ್ತಿ ಹೊಲಕ್ಕೆ ಇಳಿದರೆ ಕೂಲಿಯವರ ನಡುವೆ ಅವರನ್ನು ಗುರುತಿಸುವುದು ಧ್ವನಿಯಿಂದ ಮಾತ್ರ.

ಕೆಲಸಕ್ಕೆ ಸೇರಿದ ಮೊದಲ ವಾರ ನಾನು ನೋಟ್‌ಬುಕ್ಕಿನಲ್ಲಿ ‘ಮೂರನೇ ಸಾಲಿನ ಗಿಡ ಸ್ವಲ್ಪ ಬಾಡಿದ ಹಾಗೆ ಅನಿಸುತ್ತದೆ’ ಎಂದು ಬರೆದಿದ್ದೆ. ಮೇಡಂ ಆ ಹಾಳೆಯನ್ನು ನನ್ನ ಮುಂದೆ ಹಿಡಿದರು.

“ಇದು ಯಾರು ಬರದದ್ದು?”

“ನಾನೇರಿ.”

“ಅನಸೂದು ಮನ್ಯಾಗ ಇಟ್ಟು ಬಾ ತಂಗಿ. ಇಲ್ಲಿ ಎಣಸು. ಎಷ್ಟು ಗಿಡ ನಿಂತಾವ, ಎಷ್ಟು ಸತ್ತಾವ. ಅಷ್ಟೇ.”

ಆ ದಿನ ಅತ್ತಿದ್ದೆ. ಮಧ್ಯಾಹ್ನ ಅವರೇ ಬಂದು ನನ್ನ ಡಬ್ಬಿ ತೆಗೆದು, ಕೇಳದೆ ಅರ್ಧ ರೊಟ್ಟಿ ಮುರಿದುಕೊಂಡರು. ನಮ್ಮದು ಬುದ್ಧವಿಹಾರದ ಓಣಿ. ಆಫೀಸಿನಲ್ಲಿ ಕೆಲವರು ನನ್ನ ಡಬ್ಬಿಯ ಕಡೆ ಕೈ ಚಾಚುತ್ತಿರಲಿಲ್ಲ, ಹೊಟ್ಟೆ ಸರಿ ಇಲ್ಲ ಅನ್ನುತ್ತಿದ್ದರು. ಮೇಡಂ ಹದಿನೆಂಟು ವರ್ಷ ನನ್ನ ಡಬ್ಬಿಯಿಂದ ತಿಂದರು, ಹದಿನೆಂಟು ವರ್ಷವೂ ಪುಂಡಿಪಲ್ಯಕ್ಕೆ ಉಪ್ಪು ಜಾಸ್ತಿ ಎಂದು ಬೈದರು.

ನಮ್ಮ ಕಡೆ ತೊಗರಿಗೆ ನೆಟೆ ರೋಗ ಬರುತ್ತದೆ. ನಿನ್ನೆ ಹಸಿರಾಗಿ ಹೂಬಿಟ್ಟು ನಿಂತ ಗಿಡ ನಾಲ್ಕು ದಿನದಲ್ಲಿ ನಿಂತಲ್ಲೇ ಒಣಗುತ್ತದೆ. ಕಾಂಡದ ಸಿಪ್ಪೆ ಸುಲಿದರೆ ಒಳಗೆ ಕರಿ ಗೆರೆ ಕಾಣುತ್ತದೆ. ರೋಗ ಇರುವುದು ಮಣ್ಣಿನಲ್ಲಿ. ಮೇಲೆ ಯಾವ ಔಷಧಿ ಹೊಡೆದರೂ ಪ್ರಯೋಜನವಿಲ್ಲ. ರೋಗವನ್ನು ತಡೆಯುವ ಬೀಜವನ್ನೇ ಹುಡುಕಬೇಕು. ಅದಕ್ಕೆ ಬೇಕಾದದ್ದು ರೋಗ ತುಂಬಿದ ಒಂದು ಹೊಲ. ಅಲ್ಲಿ ನೂರಾರು ತಳಿ ಬಿತ್ತಿ, ಯಾವುದು ಸಾಯುತ್ತದೆ, ಯಾವುದು ಬದುಕುತ್ತದೆ ಎಂದು ನೋಡಬೇಕು. ಬದುಕಿದ್ದನ್ನು ಮತ್ತೆ ಬಿತ್ತಬೇಕು, ಮತ್ತೆ ನೋಡಬೇಕು. ಅಂಥ ಹೊಲ ಒಂದು ದಿನದಲ್ಲಿ ಆಗುವುದಿಲ್ಲ. ಸತ್ತ ಗಿಡಗಳ ಬುಡವನ್ನು ತಂದು ಹೂಳಿ, ಬೇಗ ರೋಗಕ್ಕೆ ಬೀಳುವ ತೊಗರಿಯನ್ನು ವರ್ಷಾವರ್ಷ ಬಿತ್ತಿ, ಮಣ್ಣಿನ ಮೂಲೆಮೂಲೆಗೂ ರೋಗ ಸಮನಾಗಿ ಹರಡುವ ತನಕ ಕಾಯಬೇಕು. ಮೇಡಂ ಅಂಥ ಒಂದೂವರೆ ಎಕರೆಯನ್ನು ಹದಿನಾಲ್ಕು ವರ್ಷ ಕೂಸಿನ ಹಾಗೆ ಸಾಕಿದ್ದರು. ನಾವು ಅದಕ್ಕೆ ‘ರೋಗದ ಹೊಲ’ ಅನ್ನುತ್ತಿದ್ದೆವು.

ಆ ಹೊಲದಿಂದ ಹೊರಗೆ ಬರುವ ಯಾರೇ ಆಗಲಿ, ಗೇಟಿನ ಹತ್ತಿರದ ತೊಟ್ಟಿಯಲ್ಲಿ ಚಪ್ಪಲಿ, ಕಾಲು ತೊಳೆಯಲೇಬೇಕು. ಒಮ್ಮೆ ಹೈದರಾಬಾದಿನಿಂದ ಬಂದ ದೊಡ್ಡ ಅಧಿಕಾರಿ ಬೂಟಿನ ಮಣ್ಣಿನೊಂದಿಗೇ ಕಾರು ಹತ್ತಲು ಹೊರಟರು. “ಸಾಹೇಬ್ರ, ಆ ಮಣ್ಣು ನಿಮ್ಮದಲ್ಲ, ಇಲ್ಲೇ ಬಿಟ್ಟು ಹೋಗ್ರಿ” ಎಂದು ಮೇಡಂ ಕೂಗಿದ್ದು ಬಾವಿಯ ತನಕ ಕೇಳಿಸಿತ್ತು. ಆ ವರ್ಷ ಅವರ ಪ್ರಮೋಶನ್ ನಿಂತಿತು. ಅದೇ ಕಾರಣವೋ ಅಲ್ಲವೋ, ನಾನು ಹೇಳಲಾರೆ.

ಅವರಿಗೆ ಖುಷಿಪಡುವುದು ಬರುತ್ತಿರಲಿಲ್ಲ. ಒಂದು ಹಂಗಾಮಿನಲ್ಲಿ ಸುತ್ತ ನಾಲ್ಕು ಸಾಲು ಪೂರ್ತಿ ಒಣಗಿ, ನಡುವಿನ ಸಾಲು ಒಂದೇ ಹಸಿರಾಗಿ ನಿಂತುಬಿಟ್ಟಿತು. ನಾವೆಲ್ಲ ಕುಣಿದಾಡಿದೆವು. ಮೇಡಂ ಆ ಸಾಲಿನ ಮುಂದೆ ನೆಲದ ಮೇಲೆ ಕುಳಿತು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಒಂದೊಂದೇ ಗಿಡ ಮುಟ್ಟಿ ನೋಡಿದರು. “ಇದಕ್ಕ ಈಗೇ ಹಾರ ಹಾಕಬ್ಯಾಡ್ರಿ. ಬರೋ ವರ್ಷ ಸಾಯಬಹುದು” ಅಂದರು. ಅದು ಸಾಯಲಿಲ್ಲ. ಎಂಟು ವರ್ಷದ ನಂತರ ಆ ಸಾಲಿನಿಂದಲೇ ಬಂದ ಬೀಜ ನಮ್ಮ ಸುತ್ತಲಿನ ಹಳ್ಳಿಗಳಿಗೆ ಹೋಯಿತು, ಧಾರೂರಿನ ಕಡೆಗೂ ಹೋಯಿತು. ಬಿತ್ತಿದವರಿಗೆ ಮೇಡಂ ಯಾರೆಂದು ಗೊತ್ತಿರಲಿಲ್ಲ. ಗೊತ್ತಾಗಬೇಕೆಂದು ಮೇಡಂಗೂ ಇರಲಿಲ್ಲ.

ಆ ಬೀಜ ಬಿತ್ತಿದವರಲ್ಲಿ ಲೀಡರನೂ ಒಬ್ಬ. ಅವನಿಗೆ ನಮ್ಮ ಕಡೆಯೇ ದೊಡ್ಡ ತೊಗರಿ ಹೊಲವಿದೆ. ಎಲೆಕ್ಷನ್‌ಗೆ ಎರಡು ತಿಂಗಳು ಇರುವಾಗ ಅವನು ಫಾರ್ಮಿಗೆ ಬಂದ. ಜೊತೆಗೆ ಜೀಪಿನ ತುಂಬ ಜನ. ಮೇಡಂ ಅವನನ್ನು ಹೊಲದ ತುಂಬ ತಿರುಗಾಡಿಸಿದರು. ಒಂದು ತಾಸಿಗಿಂತ ಹೆಚ್ಚು ಹೊತ್ತು ಎಲ್ಲ ಬಿಡಿಸಿ ಹೇಳಿದರು. ಅವನು ದಡ್ಡನಲ್ಲ. ಕೇಳಿದ ಪ್ರಶ್ನೆಗಳೇ ಹೇಳುತ್ತಿದ್ದವು.

“ಅಂದ್ರ ಮೇಡಂ, ಈ ಹೊಲಾ ಇಲ್ಲಿಂದ ಎಬ್ಬಿಸಿ ಬ್ಯಾರೆ ಕಡೆ ಒಯ್ಯಾಕ ಆಗಂಗಿಲ್ಲ?”

“ಆಗಂಗಿಲ್ರಿ. ಹೊಸಾದು ಮಾಡ್ಬೇಕಾದ್ರ ಮತ್ತ ಅಷ್ಟೇ ವರ್ಷ.”

“ಮತ್ತ ನನ್ನ ಹೊಲದಾಗ ಇದ್ದ ಬೀಜಾ, ಅದಕ್ಕೂ ಒಂದಿನ ರೋಗ ಹತ್ತಬಹುದು?”

“ಹತ್ತತದ. ರೋಗ ಸುಮ್ನ ಕೂಡಂಗಿಲ್ಲ. ಅದಕ್ಕೇ ಮುಂದಿಂದು ತಯಾರ ಮಾಡಾಕತ್ತೀವಿ. ಏಳನೇ ವರ್ಷ ನಡದದ.”

ಅವನು ತಲೆದೂಗಿದ. ಹೋಗುವಾಗ ತಾನೇ ತೊಟ್ಟಿಗೆ ಇಳಿದು ಚಪ್ಪಲಿ ತೊಳೆದುಕೊಂಡ. ಅವನು ಹೋದ ಮೇಲೆ ಮೇಡಂ, “ತಿಳಕೊಳ್ಳೋ ಮನಷಾ” ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಹತ್ತು ದಿನದ ನಂತರ ಅವನ ಸಭೆ ನಡೆಯಿತು. ನಮ್ಮ ಅಣ್ಣ ಹೋಗಿದ್ದ. ನಾನು ಹಿಂದೆ ಹೆಂಗಸರ ಸಾಲಿನಲ್ಲಿ ನಿಂತಿದ್ದೆ. ಲೀಡರ್ ತೆಲುಗಿನಲ್ಲಿ ಶುರು ಮಾಡಿ, ಗಡಿ ಹಳ್ಳಿಯ ಮಂದಿ ಬಹಳ ಇದ್ದದ್ದು ನೋಡಿ ಕನ್ನಡಕ್ಕೆ ಹೊರಳಿದ.

“ಮಂದಿ ದವಾಖಾನಿ ಕಟ್ಟತಾರ, ರೋಗ ಹೋಗಲಿ ಅಂತ. ಇಲ್ಲಿ ಸರ್ಕಾರದ ರೊಕ್ಕದಾಗ ರೋಗಾ ಸಾಕ್ಯಾರ್ರಿ! ಹೌದು, ಸಾಕ್ಯಾರ! ಎಮ್ಮಿ ಸಾಕಿದಂಗ! ಹದಿನಾಕು ವರ್ಷ ರೋಗಕ್ಕ ಗೊಬ್ಬರ ಹಾಕ್ಯಾರ. ನಾ ಸುಳ್ಳು ಹೇಳಾಕತ್ತಿಲ್ಲ, ಆ ಮೇಡಂ ತನ್ನ ಬಾಯಿಲೇ ಹೇಳ್ಯಾಳ. ನಿಮ್ಮ ತೊಗರಿ ಯಾಕ ಒಣಗತದ, ಈಗ ತಿಳೀತೇನು?”

ಜನ ನಕ್ಕರು. ಶಿಳ್ಳೆ ಹೊಡೆದರು. ಅಣ್ಣನೂ ಹೊಡೆದ, ನಾನು ಕಣ್ಣಾರೆ ನೋಡಿದೆ. “ಆರಿಸಿ ಕಳಸ್ರಿ, ಆ ಜಾಗಾದಾಗ ರೈತಭವನ ಕಟ್ಟಸ್ತೀನಿ. ನಿಮ್ಮ ಮಕ್ಕಳ ಲಗ್ನ ಅಲ್ಲೇ ಆಗಲಿ” ಎಂದು ಮಾತು ಮುಗಿಸಿದ.

ಅವನು ತಿಳಿಯದೆ ಹೇಳಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ತಿಳಿಯದವರಿಗೆ ತಿಳಿಸಬಹುದು. ಅವನಿಗೆ ಎಲ್ಲ ತಿಳಿದಿತ್ತು. ಮೇಡಂ ಹೇಳಿದ ಒಂದು ತಾಸಿನ ಮಾತಿನಲ್ಲಿ ನಗು ತರಿಸುವ ಒಂದು ಸಾಲನ್ನು ಆರಿಸಿ, ಉಳಿದದ್ದನ್ನೆಲ್ಲ ನುಂಗಿಕೊಂಡಿದ್ದ.

ಮರುದಿನ ನಾನು ಮೇಡಂಗೆ ಹೇಳಿದೆ, “ಅವನ ಹೊಲದಾಗ ನಿಂತದ್ದೂ ನಮ್ಮ ಬೀಜಾನೇ ಅಂತ ಊರೂರಿಗೆ ಹೇಳೋಣ್ರಿ. ಮಾರಿ ಎಲ್ಲಿ ಇಟ್ಕೋತಾನ ನೋಡೋಣು.”

“ಬೀಜಾ ಬಿತ್ತೂದು ತಪ್ಪೇನು?” ಅಂದರು. “ಅದು ಎಲ್ಲಾರ ಸಲುವಾಗಿ ಮಾಡಿದ್ದು. ಅವನ ಸಲುವಾಗೂ.”

ಆದರೂ ಸುಮ್ಮನೆ ಕೂರಲಿಲ್ಲ. ರಜೆ ಹಾಕಿ, ಒಣಗಿದ ನಾಲ್ಕು ಗಿಡ, ಹಸಿರು ನಾಲ್ಕು ಗಿಡ ಕಿತ್ತುಕೊಂಡು ನಮ್ಮೂರ ಶಾಲೆಯ ಅಂಗಳಕ್ಕೆ ಬಂದರು. ಜನ ಸೇರಿದರು. ಮೇಡಂಗೆ ಭಾಷಣ ಬರುವುದಿಲ್ಲ. ಗಿಡ ಸೀಳಿ ತೋರಿಸಿದರು, ಶಿಲೀಂಧ್ರ ಅಂದರು, ತಳಿ ಅಂದರು. ನಡುವೆ ನನ್ನ ಅಣ್ಣನೇ ಎದ್ದು ನಿಂತ.

“ಮೇಡಂರಿ, ಮುಂದಿನ ಬೀಜಾ ಬಂದ ಮ್ಯಾಲ ರೋಗ ಪೂರಾ ಹೋಗ್ತದೇನ್ರಿ? ಗ್ಯಾರಂಟಿ ಕೊಡ್ತೀರೇನು?”

ಹೌದು ಅನ್ನಬಹುದಿತ್ತು. ಒಂದೇ ಶಬ್ದ. ನಾನು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ, ಅಂದುಬಿಡ್ರಿ ಮೇಡಂ ಅಂತ.

“ಗ್ಯಾರಂಟಿ ಇಲ್ಲಪ್ಪ” ಅಂದರು. “ಕೆಲವು ವರ್ಷ ತಡೀತದ. ಆಮ್ಯಾಲ ಮತ್ತೊಂದು ಹುಡಕಬೇಕು.”

“ಲೀಡರ್ ಗ್ಯಾರಂಟಿ ಕೊಟ್ಟಾರ್ರಿ” ಎಂದು ಯಾರೋ ಕೂಗಿದರು. ಮತ್ತೆ ಅದೇ ನಗು.

ಹಿಂದಿರುಗುವಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. “ಒಂದ್ ಸುಳ್ಳು ಹೇಳಿದ್ರ ಏನಾಗ್ತಿತ್ರಿ?” ಅಂದೆ. ಮೇಡಂ ನಿಂತುಬಿಟ್ಟರು. “ಹೇಳಿದ್ರ ಅವಗೂ ನನಗೂ ಏನ್ ಫರಕ್ ಉಳೀತದ, ತಂಗಿ?” ಅಂದರು. ಅವರು ಮೆಲ್ಲಗೆ ಮಾತಾಡಿದ್ದನ್ನು ಕೇಳಿಲ್ಲ ಎಂದು ಮೊದಲು ಬರೆದೆ. ಅದು ತಪ್ಪು. ಆ ಒಂದು ಸಲ ಕೇಳಿದ್ದೇನೆ.

ಅವನು ಗೆದ್ದ. ಆರು ತಿಂಗಳಲ್ಲಿ ಫಾರ್ಮು ಮುಚ್ಚುವ ಕಾಗದ ಬಂತು. ‘ರೈತರಿಗೆ ಉಪಯೋಗವಿಲ್ಲದ ಜಾಗ’ ಎಂದು ಅದರಲ್ಲಿ ಬರೆದಿತ್ತು. ಪಂಚನಾಮೆಗೆ ಸಾಕ್ಷಿಯ ಸಹಿ ಬೇಕಾಗಿತ್ತು. ಮೇಡಂ ಹಾಕಲಿಲ್ಲ. ನಾನು ಹಾಕಿದೆ. ಸಹಿ ಹಾಕಿದರೆ ಬೇರೆ ಆಫೀಸಿಗೆ ವರ್ಗ ಮಾಡುತ್ತೇವೆ, ಇಲ್ಲವಾದರೆ ಮನೆಗೆ ಹೋಗು ಅಂದಿದ್ದರು. ಮೇಡಂ ಇದರ ಬಗ್ಗೆ ಕೊನೆಯವರೆಗೂ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ರೈತಭವನದ ಶಂಕುಸ್ಥಾಪನೆಗೆ ಮುಹೂರ್ತ ಇಟ್ಟಿದ್ದರು. ಹೊಲದಲ್ಲಿ ಎಂಟನೇ ವರ್ಷದ ತೊಗರಿ ನಿಂತಿತ್ತು. ನೂರಾರು ಸಾಲು ಸತ್ತು, ಹನ್ನೊಂದು ಸಾಲು ಹಸಿರಾಗಿದ್ದವು. ಕಾಯಿ ಇನ್ನೂ ಎಳಸು. ಮೇಡಂ ಕಂಟ್ರಾಕ್ಟರನ ಮುಂದೆ ಕೈಮುಗಿದರು. “ಒಂದ್ ತಿಂಗಳು ಬಿಡ್ರಿ. ಕಾಯಿ ಬಲೀತಾವ, ಬೀಜಾ ತಗೋತೀನಿ. ಆಮ್ಯಾಲ ಏನರ ಮಾಡ್ರಿ.” ಅವನು ಒಳ್ಳೆಯ ಮನುಷ್ಯನೇ. “ನನ್ನ ಕೈಯಾಗ ಏನದರಿ ಅಮ್ಮಾ” ಎಂದು ತಲೆ ತಗ್ಗಿಸಿದ. ಜೇಸಿಬಿ ಇಳಿಯಿತು. ಒಂದು ಮುಂಜಾನೆಯಲ್ಲಿ ಮುಗಿಯಿತು.

ಅಷ್ಟಕ್ಕೇ ಮುಗಿದಿದ್ದರೂ ಸಾಕಿತ್ತು. ಭವನದ ಬುನಾದಿಗೆ ಮೇಲಿನ ಮಣ್ಣು ತೆಗೆಯಬೇಕಲ್ಲ, ಆ ಮಣ್ಣನ್ನು ಲೀಡರನ ಮಂದಿ ‘ರೈತರಿಗೆ ಉಚಿತ ಕರಿಮಣ್ಣು’ ಎಂದು ಡಂಗುರ ಹೊಡೆಸಿ ಹಂಚಿದರು! ಹದಿನಾಲ್ಕು ವರ್ಷ ರೋಗ ತುಂಬಿಟ್ಟ ಮಣ್ಣು. ಟ್ರಾಕ್ಟರುಗಳು ಸಾಲುಗಟ್ಟಿ ನಿಂತವು. ಮೇಡಂ ಗೇಟಿಗೆ ಅಡ್ಡ ನಿಂತು, “ಒಯ್ಯಬ್ಯಾಡ್ರಪ್ಪೋ, ಇದು ಮಣ್ಣಲ್ಲ, ವಿಷ! ನಿಮ್ಮ ಹೊಲಾ ಹಾಳಾಗ್ತಾವ” ಎಂದು ಗಂಟಲು ಹರಿಯುವ ಹಾಗೆ ಕೂಗಿದರು. “ಇಷ್ಟು ದಿನ ತಾನೇ ಇಟ್ಕೊಂಡಿದ್ಲು, ಈಗ ಪುಕ್ಕಟೆ ಕೊಟ್ರ ಹೊಟ್ಟಿಕಿಚ್ಚು” ಎಂದು ಒಬ್ಬ ನಕ್ಕ. ಪೊಲೀಸಿನವರು ಬಂದು, ಮರ್ಯಾದೆಯಿಂದಲೇ, ಅವರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಕುರ್ಚಿ ಹಾಕಿ ಕೂಡಿಸಿದರು. ಅವರು ಆ ಕುರ್ಚಿಯಲ್ಲಿ ಕೂತು ಹೋಗುವ ಟ್ರಾಕ್ಟರುಗಳ ನಂಬರು ಬರೆದುಕೊಂಡರು.

ಆ ನಂಬರುಗಳಲ್ಲಿ ಒಂದು ನನ್ನ ಅಣ್ಣನದು.

ಅದೇ ವರ್ಷ ಮೇಡಂ ನಿವೃತ್ತರಾದರು. ಮಂದಿ ತೀರ್ಥಯಾತ್ರೆಗೆ ಹೋಗುತ್ತಾರೆ. ಇವರು ತಾಂಡೂರಿನಿಂದ ಬಸ್ಸು ಬದಲಿಸುತ್ತಾ ಜಹೀರಾಬಾದಿಗೆ ಬಂದು, ಅಲ್ಲಿಂದ ನಾರಾಯಣಖೇಡಕ್ಕೆ ಹೋಗಿ, ಆ ನಂಬರಿನ ಪಟ್ಟಿ ಹಿಡಿದು ಹಳ್ಳಿಹಳ್ಳಿ ತಿರುಗಿದರು. ನಮ್ಮ ಮನೆಗೂ ಬಂದರು. ಅಣ್ಣ ಒಳಗೆ ಹೋಗಿ ಕೂತ. ನಾನೇ ಕೈಹಿಡಿದು ಹೊರಗೆ ಕರೆತಂದೆ.

“ಯಾವ ಕಡೆ ಚೆಲ್ಲೀದಿ?” ಅಂದರು ಮೇಡಂ. ಶಾಲೆಯ ಅಂಗಳದ ಮಾತು ಎತ್ತಲಿಲ್ಲ.

“ಪಡುವಲ ಕಡೀ ಹೊಲದ ಪಟ್ಟಿಗೆ ರಿ.”

“ಆ ಪಟ್ಟಿಗೆ ನಾಕೈದು ವರ್ಷ ತೊಗರಿ ಹಾಕಬ್ಯಾಡ. ಜೋಳ ಹಾಕು. ಉಳದ ಹೊಲಕ್ಕ ಆ ಮಣ್ಣು ನೇಗಿಲಿಗೆ ಹತ್ತಿ ಹೋಗದಂಗ ನೋಡು. ಇಷ್ಟ್ ಮಾಡ್ತೀಯೇನು?”

ಅಣ್ಣ ಮಾಡಿದ. ಬೇರೆ ಕೆಲವರೂ ಮಾಡಿದರು. ನಾಗಲಗಿದ್ದದ ಹತ್ತಿರದ ಒಬ್ಬ ಅವರ ಮುಖಕ್ಕೆ ಬಾಗಿಲು ಹಾಕಿದ. ಎಷ್ಟೋ ಜನ ಹೂಂ ಎಂದು ಕಳಿಸಿ ತೊಗರಿಯನ್ನೇ ಬಿತ್ತಿದರು. ಎರಡನೇ ವರ್ಷ ಆ ಹೊಲಗಳು ಹೂವಿನ ಹೊತ್ತಿಗೆ ಒಣಗಿದವು. ಆಗ ಲೀಡರ್ ಇನ್ನೊಂದು ಸಭೆಯಲ್ಲಿ, ಅದೇ ರೈತಭವನದ ಮೈಕಿನಲ್ಲಿ ಹೇಳಿದ, “ನಾ ಅಂದಿದ್ನೋ ಇಲ್ಲೋ? ಆ ಫಾರ್ಮಿನವರು ಸಾಕಿದ ರೋಗಾನೇ ಇದು!” ಜನ ಚಪ್ಪಾಳೆ ತಟ್ಟಿದರು. ನಮ್ಮ ಅಣ್ಣ ಮಾತ್ರ ಎದ್ದು ಹೊರಗೆ ಬಂದನಂತೆ. ಮನೆಗೆ ಬಂದು ಊಟ ಮಾಡಲಿಲ್ಲ.

ಹೋದ ವರ್ಷದ ಸುಗ್ಗಿಯಲ್ಲಿ ನಾನು ತಾಂಡೂರಿಗೆ ಮೇಡಂ ಅವರನ್ನು ನೋಡಲು ಹೋಗಿದ್ದೆ. ಎದೆಯ ನೋವು ಶುರುವಾಗಿತ್ತು, ನಾಲ್ಕು ಹೆಜ್ಜೆಗೆ ಏದುಸಿರು. ಪಡಸಾಲೆಯಲ್ಲಿ ಕೂತು ಮಾತಾಡುತ್ತಿದ್ದೆವು. ಬಾಗಿಲಲ್ಲಿ ಒಂದು ಬಿಳಿ ಕಾರು ನಿಂತಿತು. ಇಳಿದವನು ಲೀಡರನ ಹೊಲ ನೋಡಿಕೊಳ್ಳುವ ಮನುಷ್ಯ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಒಣಗಿದ ತೊಗರಿ ಗಿಡ.

“ಸಾಹೇಬ್ರು ಕಳಸ್ಯಾರ್ರಿ ಅಮ್ಮ. ಈ ಸಲ ಹೊಲಾ ಪೂರಾ ಹೋಗ್ಯದ. ನೀವೊಬ್ಬರೇ ಹೇಳಬಲ್ಲವರು ಅಂದ್ರು. ಹೊಸಾ ಬೀಜಾ ಏನರ ಇದ್ರ ಕೊಡಬೇಕಂತ.”

ಮೇಡಂ ಅವನನ್ನು ಹೊರಗೆ ಹಾಕಲಿ ಎಂದು ನಾನು ಕಾದೆ. ಆ ಗಿಡಗಳನ್ನು ಕಾರಿನ ಮೇಲೆ ಎಸೆಯಲಿ, ಆ ದೊಡ್ಡ ಧ್ವನಿಯಿಂದ ಓಣಿಯೆಲ್ಲ ಕೇಳುವ ಹಾಗೆ ಒಂದು ಸಲ ಬೈಯಲಿ. ಅವರು ಕನ್ನಡಕ ಹಾಕಿಕೊಂಡು, ಒಂದು ಗಿಡ ತೆಗೆದು ಹೆಬ್ಬೆರಳ ಉಗುರಿನಿಂದ ಸಿಪ್ಪೆ ಸುಲಿದರು.

“ನೆಟೇನೇ. ಇದು ನಮ್ಮ ಹಳೇ ಬೀಜಾ. ಇದರ ಶಕ್ತಿ ಮುಗೀತು. ಇದರ ಮುಂದಿಂದು ತಯಾರಾಗಿತ್ತು.”

“ಅದೇ ಬೇಕಾಗೇದ್ರಿ! ಎಲ್ಲದರಿ ಅದು?”

“ರೈತಭವನದ ಕೆಳಗ ಅದ.”

ಅವನ ಮುಖ ಅರಳಿತು. “ನಮ್ಮ ಭವನದ ಗೋಡೌನ್ದಾಗೇನ್ರಿ? ಚಾವಿ ಯಾರ ಬಲ್ಲಿ ಅದ?”

ಮೇಡಂ ಸುಲಿದ ಗಿಡವನ್ನು ಮತ್ತೆ ಚೀಲಕ್ಕೆ ಹಾಕಿ ಅವನ ಕೈಗೆ ಕೊಟ್ಟರು. ಅವನು ಅಂಗಳಕ್ಕೆ ಇಳಿದು, ಖುಷಿಯಿಂದ ಫೋನು ಹಚ್ಚಿದ. “ಸಾಹೇಬ್ರ, ಬೀಜಾ ಅದಂತ್ರಿ. ನಮ್ಮ ರೈತಭವನದ ಕೆಳಗೇ ಅದಂತ್ರಿ.”

ಆ ಕಡೆಯಿಂದ ಏನೂ ಬರಲಿಲ್ಲ. ಅವನು ಕಾದ. “ಹಲೋ?” ಅಂದ. ಫೋನನ್ನು ಕಿವಿಯಿಂದ ತೆಗೆದು ನೋಡಿ ಮತ್ತೆ ಹಚ್ಚಿಕೊಂಡ. “ಸಾಹೇಬ್ರ? ಕೇಳಸ್ತದೇನ್ರಿ? ರೈತಭವನದ ಕೆಳಗ.”

ನಮ್ಮ ಕಡೆ ತಿರುಗಿ, “ಲೈನ್ ಅದರಿ. ಆದ್ರ ಏನೂ ಅನ್ನವಲ್ರು” ಅಂದ.